ಮಕ್ಕಳ ಕಳ್ಳರ ಮೆಸೇಜ್ ಬಂದಿದೆಯೇ? ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ

"ಎಲ್ಲರೂ ಹುಷಾರ್! ಮಕ್ಕಳನ್ನು ಎತ್ತಿಕೊಂಡು ಹೋಗುವವರ ತಂಡ ನಮ್ಮ ಜಿಲ್ಲೆಗೆ ಬಂದಿದೆ. ನಿನ್ನೆ ಪಕ್ಕದ ಊರಲ್ಲಿ ಇಬ್ಬರು ಮಕ್ಕಳು ಕಾಣೆಯಾಗಿದ್ದಾರೆ. ನಿಮಗೆ ಮಕ್ಕಳಿದ್ದರೆ ಎಲ್ಲ ಗ್ರೂಪಿಗೂ ಕಳಿಸಿ."

ಈ ಧಾಟಿಯ ಮೆಸೇಜ್ ಒಂದಲ್ಲ ಒಂದು ದಿನ ನಿಮ್ಮ ಫೋನಿಗೂ ಬಂದಿರುತ್ತದೆ. ಇನ್ನೊಮ್ಮೆ ಓದಿ ನೋಡಿ. ಯಾವ ಜಿಲ್ಲೆ? ಹೇಳಿಲ್ಲ. ಪಕ್ಕದ ಊರು ಯಾವುದು? ಹೇಳಿಲ್ಲ. 'ನಿನ್ನೆ' ಎಂದರೆ ಯಾವ ತಾರೀಖಿನ ನಿನ್ನೆ? ಅದೂ ಇಲ್ಲ. ಬೀದರಿನಲ್ಲಿ ಓದಿದರೆ ಬೀದರಿನದು ಅನ್ನಿಸುತ್ತದೆ, ಗದಗಿನಲ್ಲಿ ಓದಿದರೆ ಗದಗಿನದು. ಐದು ವರ್ಷ ಬಿಟ್ಟು ಕಳಿಸಿದರೂ ಇಂದೇ ಬರೆದ ಹಾಗೆ ಕಾಣುತ್ತದೆ. ಆದರೂ ನಾವು ಕಳಿಸುತ್ತೇವೆ. ಯಾಕೆ ಎಂದು ಕೇಳಿದರೆ, "ಸುಳ್ಳಾದರೆ ನಷ್ಟವೇನು? ನಿಜವಾದರೆ ಒಂದು ಮಗು ಉಳಿಯುತ್ತದಲ್ಲ" ಎನ್ನುತ್ತೇವೆ.

ಸುಳ್ಳಾದರೆ ನಷ್ಟವೇನು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ 2018ರಲ್ಲೇ ಉತ್ತರ ಸಿಕ್ಕಿದೆ.

ಮುರ್ಕಿಯಲ್ಲಿ ನಡೆದದ್ದು

2018ರ ಜುಲೈ 13, ಶುಕ್ರವಾರ. ಹೈದರಾಬಾದಿನ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದರು. ಅವರೊಂದಿಗೆ ಕತಾರ್ ದೇಶದ ಒಬ್ಬ ಅತಿಥಿಯೂ ಇದ್ದರು. ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿದಾಗ ಶಾಲೆ ಮಕ್ಕಳು ಕಂಡರು. ಕೈಯಲ್ಲಿದ್ದ ಚಾಕೊಲೇಟನ್ನು ಮಕ್ಕಳಿಗೆ ಕೊಟ್ಟರು. ಆ ಹೊತ್ತಿಗೆ ಆ ಸೀಮೆಯ ಫೋನುಗಳಲ್ಲೆಲ್ಲ ಮಕ್ಕಳ ಕಳ್ಳರ ಮೆಸೇಜ್‌ಗಳು ಓಡಾಡುತ್ತಿದ್ದವು. ಪರ ಊರಿನ ಕಾರು, ಪರಿಚಯವಿಲ್ಲದ ಮುಖಗಳು, ಮಕ್ಕಳ ಕೈಯಲ್ಲಿ ಚಾಕೊಲೇಟು. ಜನ ಸುತ್ತುವರಿದರು. ಅವರು ಹೆದರಿ ಕಾರು ಹತ್ತಿ ಹೊರಟರು. ಯಾರೋ ವಿಡಿಯೊ ಮಾಡಿ, ಕಳ್ಳರು ತಪ್ಪಿಸಿಕೊಂಡು ನಿಮ್ಮ ಕಡೆಗೇ ಬರುತ್ತಿದ್ದಾರೆ ಎಂದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರು.

ಕಾರಿಗಿಂತ ಮೆಸೇಜ್ ಮುಂದೆ ಹೋಯಿತು. ಅವರು ಮುರ್ಕಿ ತಲುಪುವಷ್ಟರಲ್ಲಿ ಅಲ್ಲಿ ರಸ್ತೆಗೆ ಅಡ್ಡ ಹಾಕಿಯಾಗಿತ್ತು. ಕಾರು ಉರುಳಿತು. ನೂರಾರು ಜನ ಸೇರಿದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. 32 ವರ್ಷದ ಒಬ್ಬ ಎಂಜಿನಿಯರ್ ಸತ್ತರು, ಜೊತೆಯಲ್ಲಿದ್ದವರು ಗಂಭೀರವಾಗಿ ಗಾಯಗೊಂಡರು. ಯಾವ ಮಗುವನ್ನೂ ಯಾರೂ ಕದ್ದಿರಲಿಲ್ಲ.

ಅದಕ್ಕೂ ಎರಡು ತಿಂಗಳು ಮೊದಲು, ಮೇ 23ರಂದು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ 26 ವರ್ಷದ ಯುವಕನನ್ನು ಇದೇ ಅನುಮಾನದ ಮೇಲೆ ಕೈಕಾಲು ಕಟ್ಟಿ ಹೊಡೆದು ಕೊಂದಿದ್ದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನರನ್ನು ಕೊಂದರು. ಅವರು ಅಲೆಮಾರಿ ಸಮುದಾಯದವರು, ಭಿಕ್ಷೆ ಬೇಡಿ ಬದುಕುತ್ತಿದ್ದವರು. ಆವತ್ತು ಅಲ್ಲಿ ವಾರದ ಸಂತೆ ಇತ್ತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಆ ಮೆಸೇಜ್‌ಗಳನ್ನು ಕಳಿಸಿದವರಲ್ಲಿ ಬಹಳಷ್ಟು ಜನ ಕೆಟ್ಟವರಲ್ಲ. ಅವರು ಅಪ್ಪಂದಿರು, ಅಮ್ಮಂದಿರು, ಅಂಗಡಿಯವರು, ಮಾಸ್ತರರು. ಅವರಿಗೆ ಇದ್ದದ್ದು ಮಕ್ಕಳ ಕಾಳಜಿ. 'ಫೇಕ್ ನ್ಯೂಸ್ ಹರಡುವವರು' ಅಂದಾಗ ನಮ್ಮ ಕಣ್ಣ ಮುಂದೆ ಯಾರೋ ಕುತಂತ್ರಿಯ ಚಿತ್ರ ಬರುತ್ತದೆ, ಹಾಗಾಗಿ ಅದು ನಮಗೆ ಹೇಳಿದ್ದಲ್ಲ ಎಂದುಕೊಂಡು ಮುಂದೆ ಹೋಗುತ್ತೇವೆ. ಮುರ್ಕಿಗೆ ಹೋದ ಮೆಸೇಜನ್ನು ಮುಂದೆ ದಾಟಿಸಲು ಕುತಂತ್ರ ಬೇಕಿರಲಿಲ್ಲ, ಕಾಳಜಿ ಮತ್ತು ಅವಸರ ಇದ್ದರೆ ಸಾಕಿತ್ತು.

ಆ ವಿಡಿಯೊ ಎಲ್ಲಿಯದು?

2018ರಲ್ಲಿ ಈ ಭಯ ಹುಟ್ಟಿಸಿದ ವಿಡಿಯೊಗಳಲ್ಲಿ ಒಂದು ತುಂಬ ಹೆಸರಾಯಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಸಿಸಿಟಿವಿಯಲ್ಲಿ ಸೆರೆಯಾದಂತೆ ಕಾಣುವ ದೃಶ್ಯ. ನೋಡಿದವರ ಎದೆ ಝಲ್ ಎನ್ನಬೇಕು, ಹಾಗಿದೆ.

ಅದು ಕರ್ನಾಟಕದ್ದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಕಾಣೆಯಾದ ಮಕ್ಕಳಿಗಾಗಿ ಕೆಲಸ ಮಾಡುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ ಮಾಡಿದ ಜಾಗೃತಿ ಜಾಹೀರಾತು. ಅದರ ಪೂರ್ತಿ ವಿಡಿಯೊದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಅಲ್ಲೇ ಇಳಿಸುತ್ತಾರೆ. ಕರಾಚಿಯ ಬೀದಿಯಲ್ಲಿ ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂಬರ್ಥದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕಿಗೆ ಒಬ್ಬೊಬ್ಬರು ತಮ್ಮ ತಮ್ಮ ಊರಿನ ಹೆಸರು ಹಚ್ಚಿದರು. ಮಕ್ಕಳನ್ನು ಕಾಪಾಡಲು ಮಾಡಿದ ವಿಡಿಯೊವೇ ಹೀಗೆ ಜನರನ್ನು ರೊಚ್ಚಿಗೆಬ್ಬಿಸುವ ವಿಡಿಯೊ ಆಯಿತು. ಇನ್ನೊಂದು ಮೆಸೇಜಿನಲ್ಲಿ ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಫೋಟೊ ಇತ್ತು. ಅಂಗಾಂಗ ಕದ್ದು ಕೊಂದ ಮಕ್ಕಳು ಎಂದು ಅದರ ಕೆಳಗೆ ಬರೆದಿತ್ತು. ಆ ಫೋಟೊ 2013ರಲ್ಲಿ ಸಿರಿಯಾದಲ್ಲಿ ನಡೆದ ರಾಸಾಯನಿಕ ದಾಳಿಯದು.

ಇದರಿಂದ ಗೊತ್ತಾಗುವುದೇನೆಂದರೆ, ಸುಳ್ಳು ಸುದ್ದಿಯ ಫೋಟೊ ಅಥವಾ ವಿಡಿಯೊ ಸುಳ್ಳೇ ಆಗಿರಬೇಕಿಲ್ಲ. ಬಹಳ ಸಲ ಫೋಟೊ ನಿಜದ್ದೇ ಇರುತ್ತದೆ, ಅದರ ಊರು ಮತ್ತು ತಾರೀಖು ಸುಳ್ಳಿರುತ್ತವೆ. "ವಿಡಿಯೊನೇ ಐತಲ್ರೀ, ಕಣ್ಣಾರೆ ನೋಡೇನಿ" ಎನ್ನುವ ವಾದ ಅದಕ್ಕೇ ನಿಲ್ಲುವುದಿಲ್ಲ.

ಊರ ಗ್ರೂಪಿನಲ್ಲಿ ಯಾಕೆ ಬೇಗ ನಂಬುತ್ತೇವೆ?

ಗದಗ ಜಿಲ್ಲೆಯ ಯಳವತ್ತಿಯಂಥ ಊರನ್ನು ತೆಗೆದುಕೊಳ್ಳೋಣ. ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು, ಈಗ ಲಕ್ಷ್ಮೇಶ್ವರ ತಾಲ್ಲೂಕು. ಇಂಥ ಊರಿನ ಒಬ್ಬರ ಫೋನಿನಲ್ಲಿ ಏನೇನು ಗ್ರೂಪು ಇರಬಹುದು? ಮನೆತನದ ಗ್ರೂಪು, ಓಣಿಯ ಗೆಳೆಯರದು, ಶಾಲೆಯದು, ಸ್ವಸಹಾಯ ಸಂಘದ್ದು, ಜಾತ್ರೆಯ ಕಮಿಟಿಯದು, ಹೆಸರು-ಶೇಂಗಾ ದರ ತಿಳಿಸುವ ಒಂದು. ನೂರು ಜನರಿರುವ ಐದು ಗ್ರೂಪಿಗೆ ಹಾಕಿದರೆ ಐನೂರು ಫೋನು. ಅದರಲ್ಲಿ ಹತ್ತು ಜನ ಮುಂದೆ ಕಳಿಸಿದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ದಾಟಿ ಗದಗ-ಬೆಟಗೇರಿಗೆ ತಲುಪಲು ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕಿಲ್ಲ.

ಆದರೆ ನಮ್ಮ ಪ್ರಕಾರ ಇಲ್ಲಿ ವೇಗಕ್ಕಿಂತ ದೊಡ್ಡ ಸಂಗತಿ ಹೆಸರು. ಟಿವಿಯಲ್ಲಿ ಬಂದರೆ ಅದು ಯಾರೋ ಹೇಳಿದ್ದು. ಗ್ರೂಪಿನಲ್ಲಿ ಬಂದರೆ ಅದು ನಮ್ಮ ಕಾಕಾ ಕಳಿಸಿದ್ದು, ಮಗನ ಮಾಸ್ತರರು ಕಳಿಸಿದ್ದು. ಕಾಕಾ ಅದನ್ನು ಬರೆದಿಲ್ಲ, ಪೂರ್ತಿ ನೋಡಿಯೂ ಇಲ್ಲದಿರಬಹುದು. ಆದರೆ ಮೆಸೇಜಿನ ಮೇಲೆ ಕಾಣುವುದು ಅವರ ಹೆಸರು, ಅವರ ಫೋಟೊ. ಓದುವವರು ನಂಬುವುದು ಆ ಹೆಸರನ್ನು. ನೀವು ಫಾರ್ವರ್ಡ್ ಮಾಡಿದಾಗಲೂ ಅಷ್ಟೇ: ಬರೆದವನು ಮಾಯವಾಗಿರುತ್ತಾನೆ, ಅದಕ್ಕೆ ಜಾಮೀನು ನಿಂತಂತೆ ಕಾಣುವವರು ನೀವು. "ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇನೆ" ಎಂದು ಕೆಳಗೆ ಸೇರಿಸಿದರೂ ಈ ಜಾಮೀನು ಬಿಡುವುದಿಲ್ಲ.

ಇದಕ್ಕೆ ಮನಸ್ಸಿನ ಇನ್ನೊಂದು ಗುಣವೂ ಸೇರಿಕೊಳ್ಳುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ನಾಲ್ಕು ಗ್ರೂಪಿನಲ್ಲಿ ಬಂದ ಮೆಸೇಜ್ ನಾಲ್ಕು ಸಾಕ್ಷಿಗಳಂತೆ ಕಾಣುತ್ತದೆ, ಆದರೆ ನಾಲ್ಕೂ ಒಂದೇ ಕಡೆಯಿಂದ ಹೊರಟ ನಕಲು. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿತು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮತ್ತೆ ಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು ಕಂಡಿತು. ಅದನ್ನು ಮಾಡುತ್ತಿದ್ದದ್ದು ಯಂತ್ರಗಳಲ್ಲ, ಮುಖ್ಯವಾಗಿ ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಇರುತ್ತದೆ, ಬೆರಗು, ಭಯ, ಹೇಸಿಗೆ ಇರುತ್ತದೆ. ನಿಜ ಬಹಳ ಸಲ ಸಪ್ಪೆ.

ಹಾಗಂತ ಎಲ್ಲ ಫಾರ್ವರ್ಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆ ಎಂದು ಯಾರೋ ಹೋದ ಚಳಿಗಾಲದ ಫೋಟೊ ಈ ಚಳಿಗಾಲದಲ್ಲಿ ಹಾಕಿದರೆ ಹೆಚ್ಚೆಂದರೆ ಒಬ್ಬರು ಬೈಕ್ ಹತ್ತಿ ಹೋಗಿ ಬರಿಗೈಲಿ ಬಂದಾರು. ಪ್ರಶ್ನೆ ಇಷ್ಟೇ: ಇದು ಸುಳ್ಳಾದರೆ ಯಾರಿಗೆ ಪೆಟ್ಟು? ಮೆಸೇಜಿನಲ್ಲಿ ಒಬ್ಬ ಮನುಷ್ಯನೋ ಒಂದು ಜಾತಿಯೋ ಧರ್ಮವೋ ಕಸುಬಿನವರೋ ಅಪರಾಧಿಗಳು ಎಂದಿದ್ದರೆ, ಅದನ್ನು ಪರೀಕ್ಷಿಸದೆ ಕಳಿಸಬೇಡಿ.

ಯಾಕೆಂದರೆ ಉತ್ತರ ಕರ್ನಾಟಕದ ಊರುಗಳಿಗೆ ಹೊರಗಿನವರು ಬರುವುದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಮನೆತನದ ವಂಶಾವಳಿ ಹೇಳಿ ಕಾಳು-ಕಡಿ ಪಡೆಯುವ ಹೆಳವರು ಬರುತ್ತಾರೆ. ಬುಡಬುಡಿಕೆಯವರು, ಗೊಂದಲಿಗರು, ಮಂದೆ ಹೊಡೆದುಕೊಂಡು ಕುರಿಗಾರರು ಬರುತ್ತಾರೆ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರು, ಉದುರಿದ ಕೂದಲು ಕೊಂಡು ಬಲೂನು ಕೊಡುವವರು ಬರುತ್ತಾರೆ. ಇವರಲ್ಲಿ ಹಲವರಿಗೆ ನಮ್ಮ ಭಾಷೆ ಸರಿಯಾಗಿ ಬರುವುದಿಲ್ಲ. ಅವರ ಸುತ್ತ ಮಕ್ಕಳು ಸೇರುವುದೂ ಸಹಜ. ಮಕ್ಕಳ ಕಳ್ಳರ ಮೆಸೇಜಿನಲ್ಲಿ ವರ್ಣಿಸುವ ಚಹರೆ ಹೆಚ್ಚುಕಡಿಮೆ ಇವರದೇ ಇರುತ್ತದೆ. ರಾಯಿನ್‌ಪಾಡಾದಲ್ಲಿ ಸತ್ತವರೂ ಇಂಥವರೇ.

ಐದರ ಲೆಕ್ಕ

ವಾಟ್ಸ್ಆ್ಯಪ್ ಇರಲಿ ಬಿಡಲಿ, ಗಾಳಿಮಾತಿಗೆ ದಾರಿ ಸಿಕ್ಕೇ ಸಿಗುತ್ತದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಂ ಹಿಂಸಾಚಾರದ ಬೆನ್ನಿಗೆ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗುತ್ತದೆ ಎಂಬ ಎಸ್ಸೆಮ್ಮೆಸ್‌ಗಳು ಹಬ್ಬಿದವು. ಎರಡು ಮೂರು ದಿನದಲ್ಲಿ ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಆಗಸ್ಟ್ 17ರಂದು, ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಎಂದು 15 ದಿನದ ಮಟ್ಟಿಗೆ ತಡೆ ಹಾಕಿತು.

ಆರು ವರ್ಷದ ಮೇಲೆ ಅದೇ ಐದು ಮರಳಿ ಬಂತು. 2018ರ ಜುಲೈನಲ್ಲಿ, ಮುರ್ಕಿಯ ಘಟನೆಯಾದ ಕೆಲವೇ ದಿನಗಳಲ್ಲಿ, ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸಬಹುದು ಎಂದು ವಾಟ್ಸ್ಆ್ಯಪ್ ಮಿತಿ ಹಾಕಿತು. 2019ರಲ್ಲಿ ಈ ಮಿತಿ ಇಡೀ ಜಗತ್ತಿಗೆ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಗಾಳಿಸುದ್ದಿಗಳ ಕಾಲದಲ್ಲಿ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಾಯಿತು. ಅದರಿಂದ ಅಂಥ ಮೆಸೇಜ್‌ಗಳ ಹರಿದಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿ ಹೇಳಿತು.

ಮೆಸೇಜಿನ ಮೇಲೆ ಕಾಣುವ ಎರಡು ಬಾಣದ ಗುರುತಿನ ಅರ್ಥ ಇದೇ: ಇದು ನಿಮಗೆ ತಲುಪುವ ಮೊದಲು ಕನಿಷ್ಠ ಐದು ಕೈ ದಾಟಿ ಬಂದಿದೆ, ಕಳಿಸಿದವರ ಕಣ್ಣಾರೆ ಕಂಡ ಸುದ್ದಿಯಲ್ಲ. ಆದರೆ ಗುರುತು ಇಲ್ಲ ಎಂದ ಮಾತ್ರಕ್ಕೆ ನಂಬಬೇಡಿ. ಯಾರಾದರೂ ವಿಡಿಯೊವನ್ನು ಗ್ಯಾಲರಿಗೆ ಇಳಿಸಿಕೊಂಡು ಹೊಸದಾಗಿ ಕಳಿಸಿದರೆ ಬಾಣ ಅಳಿಸಿಹೋಗುತ್ತದೆ.

ಪರೀಕ್ಷೆ ಮಾಡುವುದು ಹೇಗೆ?

ನಾವು ಇಂಥ ಮೆಸೇಜ್ ನೋಡಿದಾಗ ಮೊದಲು ಹುಡುಕುವುದು ಊರು ಮತ್ತು ತಾರೀಖು. ಎರಡೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಇದ್ದರೆ, ಆ ಊರಿಗೆ ಒಂದು ಫೋನು ಮಾಡಿ. ಇದು ಸಣ್ಣ ಊರಿನವರಿಗೆ ಇರುವ ದೊಡ್ಡ ಅನುಕೂಲ, ಪಟ್ಟಣದ ಪತ್ರಕರ್ತರಿಗೂ ಇಷ್ಟು ಸುಲಭವಿಲ್ಲ. ಲಕ್ಷ್ಮೇಶ್ವರದಲ್ಲಿ ಮಗು ಕಾಣೆಯಾಗಿದೆ ಎಂದು ಬಂದರೆ ಅಲ್ಲಿ ನಿಮ್ಮ ಬೀಗರೋ ಗೆಳೆಯರೋ ಒಬ್ಬರಾದರೂ ಇರುತ್ತಾರೆ. ನಿಜವಾಗಿ ಮಗು ಕಾಣೆಯಾಗಿದ್ದರೆ ಊರಿಗೆ ಊರೇ ಅದನ್ನು ಮಾತಾಡುತ್ತಿರುತ್ತದೆ, ಪೊಲೀಸ್ ಠಾಣೆಯಲ್ಲಿ ದೂರು ಇರುತ್ತದೆ.

ವಿಡಿಯೊ ಆಗಿದ್ದರೆ ಒಮ್ಮೆ ಮೌನವಾಗಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಅಂಗಡಿ ಬೋರ್ಡಿನ ಲಿಪಿ, ಗಾಡಿಯ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ, ಹಿಂದೆ ಕೇಳುವ ಮಾತು ಇವು ಊರನ್ನು ಹೇಳಿಬಿಡುತ್ತವೆ. ಮೇಲೆ ಸೇರಿಸಿದ ಧ್ವನಿ ಕನ್ನಡದಲ್ಲಿದ್ದು, ವಿಡಿಯೊದೊಳಗಿನ ಜನ ಬೇರೆ ಭಾಷೆ ಆಡುತ್ತಿದ್ದರೆ ಅಲ್ಲಿಗೇ ಗುಟ್ಟು ರಟ್ಟು. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂದು ತೋರಿಸುತ್ತದೆ. ಎಲ್ಲ ಸಲವೂ ಸಿಗುವುದಿಲ್ಲ, ಸಿಕ್ಕಾಗ ಎರಡು ನಿಮಿಷದ ಕೆಲಸ.

ಗ್ರೂಪಿನಲ್ಲಿ ಹಿರಿಯರು ಹಾಕಿದ್ದನ್ನು ಪ್ರಶ್ನಿಸುವುದು ಕಷ್ಟ ಎಂಬುದು ನಮಗೂ ಗೊತ್ತು. "ಇದು ಫೇಕ್" ಎಂದು ಎಲ್ಲರ ಮುಂದೆ ಹೊಡೆದಂತೆ ಬರೆದರೆ ಅವರು ಹಟಕ್ಕೆ ಬೀಳುತ್ತಾರೆ. "ಕಾಕಾ, ಇದು ಯಾವೂರಾಗ ಆಗಿದ್ದರಿ? ನಿಮಗ ಯಾರು ಕಳ್ಸ್ಯಾರ?" ಎಂದು ಖಾಸಗಿಯಾಗಿ ಕೇಳಿ. ಅವರು ತಮಗೆ ಕಳಿಸಿದವರನ್ನು ಕೇಳುತ್ತಾರೆ, ಆ ಸರಪಳಿ ಎಲ್ಲೋ ಒಂದು ಕಡೆ ಕಡಿದುಹೋಗುತ್ತದೆ. ತಪ್ಪು ಎಂದು ಗೊತ್ತಾದ ಮೇಲೆ ಅವರೇ ಗ್ರೂಪಿನಲ್ಲಿ ತಿದ್ದಿ ಹಾಕಲಿ. ಅವರ ಮಾತಿಗೆ ತೂಕ ಹೆಚ್ಚು.

ಗ್ರೂಪಿನ ಅಡ್ಮಿನ್ ಆಗಿರುವವರಿಗೆ ಇನ್ನೂ ಎರಡು ಅಧಿಕಾರ ಇದೆ. ಬೇರೆಯವರು ಹಾಕಿದ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಬಹುದು. ಊರಲ್ಲಿ ಗದ್ದಲ ಎದ್ದ ರಾತ್ರಿ, ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಬಹುದು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ, ಅದು ಸರಿ. ಆದರೆ ಕೈಯಲ್ಲಿರುವ ಗುಂಡಿ ಒತ್ತಲು ಕೋರ್ಟಿನ ಆದೇಶ ಬೇಕಿಲ್ಲವಲ್ಲ.

ನಿಜವಾಗಿದ್ದರೂ ಹಾಕಬಾರದ್ದು

ಇಲ್ಲಿಯವರೆಗೆ ಸುಳ್ಳಿನ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದದ್ದು ನಿಜ ಸುದ್ದಿಯ ವಿಷಯ.

'ಕಾಣೆಯಾಗಿದ್ದಾರೆ' ಎಂಬ ಫೋಟೊಗಳನ್ನೇ ನೋಡಿ. ಮಗು ಅಥವಾ ಮರೆವಿನ ವೃದ್ಧರು ಕಾಣೆಯಾದಾಗ, ಠಾಣೆಯ ಹೆಸರು ಮತ್ತು ತಾರೀಖು ಇರುವ ಪ್ರಕಟಣೆ ಹಂಚುವುದು ಒಳ್ಳೆಯದೇ. ಸಿಕ್ಕ ಮೇಲೆ ಅದೇ ಗ್ರೂಪುಗಳಲ್ಲಿ "ಸಿಕ್ಕಿದ್ದಾರೆ, ಇನ್ನು ಹಂಚಬೇಡಿ" ಎಂದು ಹಾಕಬೇಕು. ಹಾಕದೆ ಬಿಟ್ಟರೆ ಆ ಮಗು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೂ ಫೋಟೊ ಸುತ್ತುತ್ತಲೇ ಇರುತ್ತದೆ. ಒಂಟಿಯಾಗಿ ಅಲೆಯುವ ಮಗು ನಿಮಗೇ ಸಿಕ್ಕರೆ ಫೋಟೊ ತೆಗೆದು ಹಾಕಬೇಡಿ, 1098ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಆ ಮಗು ಮನೆಯಲ್ಲಿ ಹೊಡೆಸಿಕೊಂಡು ಓಡಿಬಂದಿರಬಹುದು. ರಕ್ಷಣೆ ಬೇಕಾದ ಮಗುವಿನ ಗುರುತು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ.

ಕಾಣೆಯಾದವರು ವಯಸ್ಸಿಗೆ ಬಂದ ಹುಡುಗಿಯಾಗಿದ್ದರೆ ಇನ್ನಷ್ಟು ಯೋಚಿಸಿ. ಅವಳು ತಾನಾಗಿ ಮನೆ ಬಿಟ್ಟಿರಬಹುದು, ಇಷ್ಟಪಟ್ಟವನನ್ನು ಮದುವೆಯಾಗಿರಬಹುದು. ಅಂಥ ಫೋಟೊ ಹಂಚಿದರೆ ನಾವು ಹುಡುಕುವವರ ಕಣ್ಣಾಗುತ್ತೇವೆ, ಅವರ ಉದ್ದೇಶ ಏನೆಂದು ನಮಗೆ ಗೊತ್ತಿರುವುದಿಲ್ಲ. ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರ್‌ನಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ದಂಪತಿ ವರ್ಷಗಳ ನಂತರ ಊರಿಗೆ ಬಂದಾಗ ಕಲ್ಲಿನಿಂದ ಜಜ್ಜಿ ಕೊಂದರು. ಆ ಪ್ರಕರಣಕ್ಕೂ ಮೊಬೈಲಿಗೂ ಸಂಬಂಧ ಕಲ್ಪಿಸುತ್ತಿಲ್ಲ. ಆದರೆ ಹುಡುಗಿಯೊಬ್ಬಳು ಎಲ್ಲಿದ್ದಾಳೆಂದು ಸಾರುವುದು ನಮ್ಮ ಸೀಮೆಯಲ್ಲಿ ಜೀವಕ್ಕೆ ಸಂಬಂಧಿಸಿದ ಮಾತಾಗಬಲ್ಲದು. ಪೊಲೀಸರಿಗೆ ತಿಳಿಸುವುದು ಬೇರೆ, ಗ್ರೂಪಿಗೆ ಹಾಕುವುದು ಬೇರೆ.

ಅಪಘಾತದ ವಿಡಿಯೊ ಇನ್ನೊಂದು. ಗಾಯಗೊಂಡವರ ಮುಖ ಗ್ರೂಪಿನಲ್ಲಿ ನೋಡಿಯೇ ತಾಯಿಗೆ ಮಗನ ಸಾವು ಗೊತ್ತಾಗಬಾರದು. ಫೋನು ಕೈಯಲ್ಲಿದ್ದರೆ ಮೊದಲು 108. ನೆರವಿಗೆ ಹೋದವರನ್ನು ಕೇಸಿನಲ್ಲಿ ಎಳೆದಾಡುವಂತಿಲ್ಲ ಎಂದು 2019ರಲ್ಲೇ ಮೋಟಾರು ವಾಹನ ಕಾಯ್ದೆಗೆ ಹೊಸ ಕಲಂ ಸೇರಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಫೋಟೊ, ಗುರುತು ಸಿಗುವ ಯಾವ ವಿವರವನ್ನೂ ಹಾಕಬಾರದು. "ನ್ಯಾಯ ಸಿಗಲಿ" ಎಂದು ಬರೆದು ಹಾಕಿದರೂ ಅದು ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಇದೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಖಾಸಗಿತನದ ಮಾತು ಬಂದಾಗ ಕಂಪನಿಗಳನ್ನೂ ಸರ್ಕಾರವನ್ನೂ ಬೈಯುತ್ತೇವೆ, ಪಕ್ಕದ ಮನೆಯವರ ಜಗಳದ ವಿಡಿಯೊ ಸ್ಟೇಟಸ್‌ಗೆ ಹಾಕುವಾಗ ಮರೆಯುತ್ತೇವೆ.

ಸ್ಟೇಟಸ್ ಎಂದಾಗ ಹುಬ್ಬಳ್ಳಿ ನೆನಪಾಗುತ್ತದೆ. 2022ರ ಏಪ್ರಿಲ್ 16ರ ರಾತ್ರಿ, ಯುವಕನೊಬ್ಬ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ ತಿರುಚಿದ ಚಿತ್ರದಿಂದ ಕೆರಳಿದ ಜನ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಸೇರಿದರು. ಅದು ಕಲ್ಲು ತೂರಾಟಕ್ಕೆ ತಿರುಗಿತು, ಪೊಲೀಸರು ಗಾಯಗೊಂಡರು. ಸ್ಟೇಟಸ್ 24 ತಾಸಿಗೆ ಅಳಿಯುತ್ತದೆ, ಅದರ ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ.

ಕಾನೂನು ಏನನ್ನುತ್ತದೆ?

ನಾನು ಬರೆದಿಲ್ಲ, ಬರೀ ಫಾರ್ವರ್ಡ್ ಮಾಡಿದ್ದೇನೆ ಎಂಬ ಮಾತು ಕೋರ್ಟಿನಲ್ಲಿ ನಡೆಯುತ್ತದೆಯೇ? ಮಹಿಳಾ ಪತ್ರಕರ್ತರನ್ನು ಹೀಯಾಳಿಸುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದ ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ ಅವರ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2023ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಕಳಿಸಿದ ಮೆಸೇಜ್ ಬಿಲ್ಲಿನಿಂದ ಬಿಟ್ಟ ಬಾಣ, ಅದರ ಪರಿಣಾಮದ ಹೊಣೆ ಬಿಟ್ಟವರದು ಎಂಬುದು ಆ ತೀರ್ಪಿನ ಸಾರ. ಸುಪ್ರೀಂ ಕೋರ್ಟ್ ಕೂಡ ಪ್ರಕರಣ ರದ್ದು ಮಾಡಲಿಲ್ಲ.

ಜನರಲ್ಲಿ ಭಯ ಹುಟ್ಟಿಸುವ ಸುಳ್ಳು ಸುದ್ದಿ, ವದಂತಿ ಹರಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ, ಗುಂಪುಗಳ ನಡುವೆ ದ್ವೇಷ ಬಿತ್ತುವುದಕ್ಕೆ 196ನೇ ಕಲಂ ಇವೆ. ಎರಡಕ್ಕೂ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಿಟ್ಟು ಬರಿಸುವ ಮಾತೆಲ್ಲ ಅಪರಾಧವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ನಳಕ್ಕೆ ನೀರು ಬಂದಿಲ್ಲ, ರಸ್ತೆ ಕಿತ್ತುಹೋಗಿದೆ, ಪಂಚಾಯಿತಿ ಲೆಕ್ಕ ತೋರಿಸಿಲ್ಲ ಎಂದು ಬರೆಯುವುದು ನಿಮ್ಮ ಹಕ್ಕು, ಬರೆಯಬೇಕು ಕೂಡ. ಒಡೆದ ರಸ್ತೆಯ ಫೋಟೊದ ಜೊತೆ ಊರು, ತಾರೀಖು ಹಾಕಿದರೆ ಅಧಿಕಾರಿಗಳಿಗೂ ಜಾರಿಕೊಳ್ಳಲು ಆಗುವುದಿಲ್ಲ.

ಈಗಾಗಲೇ ಕಳಿಸಿಬಿಟ್ಟಿದ್ದರೆ?

ಮೊದಲ ಕೆಲಸ ಅಳಿಸುವುದು. 'ಎಲ್ಲರಿಗೂ ಅಳಿಸು' ಎಂಬ ಆಯ್ಕೆ ಎರಡು ದಿನಕ್ಕೂ ತುಸು ಹೆಚ್ಚು ಹೊತ್ತು ಇರುತ್ತದೆ. ಆದರೆ ಅಷ್ಟರಲ್ಲಿ ಮುಂದೆ ಹೋದ ಪ್ರತಿಗಳು ಅಳಿಯುವುದಿಲ್ಲ. ಸುಮ್ಮನೆ ಅಳಿಸಿದರೆ ನೋಡಿದವರು ಅದು ನಿಜ ಎಂದೇ ತಿಳಿದಿರುತ್ತಾರೆ. ಅದಕ್ಕೇ ಅಳಿಸಿದ ಮೇಲೆ ಅದೇ ಗ್ರೂಪಿನಲ್ಲಿ ತಿದ್ದುಪಡಿ ಹಾಕಬೇಕು. ಹಾಕುವಾಗ ಹಳೆಯ ವಿಡಿಯೊವನ್ನು ಮತ್ತೆ ಲಗತ್ತಿಸಬೇಡಿ. ಯಾರದೋ ಫೋಟೊ ತೋರಿಸಿ ಕಳ್ಳ ಎಂದಿದ್ದರೆ, ತಿದ್ದುಪಡಿಯಲ್ಲಿ ಅವರು ತಪ್ಪಿತಸ್ಥರಲ್ಲ ಎಂದು ಬಿಡಿಸಿ ಬರೆಯಿರಿ.

ಗುಂಪು ಸೇರುತ್ತಿದೆ, ಯಾರನ್ನೋ ಹಿಡಿದಿದ್ದಾರೆ ಎಂದು ಗೊತ್ತಾದರೆ ಟೈಪ್ ಮಾಡುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ. ನಿಮ್ಮದೇ ಖಾಸಗಿ ಫೋಟೊ ಯಾರಾದರೂ ಹಂಚಿದ್ದರೆ ಸ್ಕ್ರೀನ್‌ಶಾಟ್ ಉಳಿಸಿಕೊಂಡು ಠಾಣೆಗೆ ಹೋಗಿ ಅಥವಾ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣದ ಮೋಸವಾದರೆ 1930.

ತಿದ್ದುಪಡಿ ಹೇಗೆ ಬರೆಯುವುದು ಎಂದು ಗೊತ್ತಾಗದಿದ್ದರೆ ಇದನ್ನೇ ನಕಲು ಮಾಡಿಕೊಳ್ಳಬಹುದು: "ನಾನು ನಿನ್ನೆ ಈ ಗ್ರೂಪಿಗೆ ಮಕ್ಕಳ ಕಳ್ಳರ ವಿಡಿಯೊ ಹಾಕಿದ್ದೆ. ಅದು ನಮ್ಮ ಜಿಲ್ಲೆಯದಲ್ಲ, ಬೇರೆ ದೇಶದ ಹಳೆಯ ವಿಡಿಯೊ. ವಿಚಾರಿಸದೆ ಕಳಿಸಿದ್ದು ನನ್ನ ತಪ್ಪು. ದಯವಿಟ್ಟು ನಿಮ್ಮ ಫೋನಿನಿಂದ ಅಳಿಸಿ. ನೀವು ಯಾರಿಗೆ ಕಳಿಸಿದ್ದೀರೋ ಅವರಿಗೂ ತಿಳಿಸಿ."